ಬಿಟ್ಟ ನೆಲದ ಧರ್ಮ

ಒಬ್ಬರ ಹೆಸರಿಗೆ ಪಹಣಿ ಇರುವ ನೆಲದಲ್ಲಿ ಮರಗಳು ದಟ್ಟವಾಗಿ ಬೆಳೆದು, ಅವುಗಳಲ್ಲಿ ಹಕ್ಕಿ, ಅಳಿಲು, ಕಾಡುಪಾಪಗಳು ಸಂಸಾರ ಹೂಡಿದ ಮೇಲೆ ಆ ನೆಲ ಯಾರದು? ಕಂದಾಯ ಇಲಾಖೆಗೆ ಇದು ಪ್ರಶ್ನೆಯೇ ಅಲ್ಲ. ಸರ್ವೆ ನಂಬರು, ಹಿಸ್ಸಾ, ಖಾತೆದಾರನ ಹೆಸರು ಮೂರೂ ಇದ್ದರೆ ಅಲ್ಲಿಗೆ ಮುಗಿಯಿತು. ಧರ್ಮಚಿಂತನೆಯಲ್ಲಿ ಅದು ಅಷ್ಟಕ್ಕೆ ಮುಗಿಯುವುದಿಲ್ಲ. ಮರದ ಒಡೆಯನು ಮರದಲ್ಲಿರುವ ಜೀವಗಳಿಗೂ ಒಡೆಯನೇ? ಅಲ್ಲವಾದರೆ ಅವುಗಳ ವಿಷಯದಲ್ಲಿ ಅವನ ಕರ್ತವ್ಯವೇನು? ಆ ಕರ್ತವ್ಯ ಸುಮ್ಮನಿರುವುದೋ, ದುಡಿಯುವುದೋ? ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಇವಕ್ಕೆ ಉತ್ತರ ಹುಡುಕಲು ಬೇಕಾದ ಸಾಮಗ್ರಿ ಮಠಗಳ ಪರಂಪರೆಯಲ್ಲೂ ಇದೆ, ಹೊಲದ ಬದುವಿನ ಮೇಲೂ ಇದೆ.

ಈ ಸೀಮೆಯಲ್ಲಿ ಖಾಸಗಿ ಕಾಡೆಂದರೆ ಮಲೆನಾಡಿನವರು ಕಲ್ಪಿಸಿಕೊಳ್ಳುವಂಥದ್ದಲ್ಲ. ಕೊಡಗಿನ ಬ್ರಹ್ಮಗಿರಿ ತಪ್ಪಲಲ್ಲಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆ ಕೊಂಡು, ಅದನ್ನು ಕ್ರಮೇಣ 300 ಎಕರೆಗೆ ಹಿಗ್ಗಿಸಿ, ಆನೆ ಓಡಾಡುವ ಕಾಡಾಗಿ ಉಳಿಸಿದರು. ತುಮಕೂರಿನ ಬಯಲಿನಲ್ಲಿ ಅಂಥ ಅಖಂಡ ನೆಲ ಒಂದೇ ಕೈಯಲ್ಲಿ ಸಿಗುವುದು ಅಪರೂಪ. ಭೂಸುಧಾರಣಾ ಕಾಯ್ದೆ ಹಿಡುವಳಿಗೆ ಮಿತಿ ಹಾಕಿತು, ಮಿಕ್ಕದ್ದನ್ನು ಅಣ್ಣತಮ್ಮಂದಿರ ಪಾಲು ಚಿಕ್ಕದಾಗಿಸಿತು. ದೇವರಾಯನದುರ್ಗದ ಕಾಡು ಸರ್ಕಾರದ್ದು. ರೈತರ ಕೈಯಲ್ಲಿರುವುದು ತೆಂಗು ಅಡಕೆಯ ತೋಟ, ಬದುವಿನ ಹೊಂಗೆ ಬೇವು, ರಾಗಿ ಹೊಲದ ನಡುವೆ ನಿಂತ ಹುಣಸೆ, ಕಳ್ಳಿ ಕತ್ತಾಳೆಯ ಬೇಲಿ, ಹಳ್ಳದ ದಡದ ಅತ್ತಿ ನೇರಳೆ, ಉಳಲಾಗದ ಬಂಡೆಗಳ ಸುತ್ತ ತಾನಾಗಿ ಎದ್ದ ಪೊದೆ. ಇವೆಲ್ಲ ಸೇರಿದರೆ ಒಂದು ಕಾಡು. ಬಿಡಿಬಿಡಿಯಾಗಿ ನೋಡಿದರೆ ಯಾರ ಲೆಕ್ಕಕ್ಕೂ ಬಾರದ ಚೂರುಗಳು. ಆದ್ದರಿಂದಲೇ ಇಲ್ಲಿ ಒಬ್ಬನ ಧರ್ಮ ಪಕ್ಕದ ಹೊಲದವನ ಧರ್ಮಕ್ಕೆ ತಗುಲಿಕೊಂಡಿರುತ್ತದೆ.

ಈ ಚೂರುಗಳಿಗೆ ಪಹಣಿಯಲ್ಲಿ ಒಂದು ಹೆಸರಿದೆ: ಖರಾಬು. ಸಾಗುವಳಿಗೆ ಒದಗದ ಬಂಡೆ, ಹಳ್ಳ, ಕೊರಕಲುಗಳನ್ನು ಒಟ್ಟು ವಿಸ್ತೀರ್ಣದಿಂದ ಕಳೆದು, ಉಳಿದದ್ದಕ್ಕೆ ಮಾತ್ರ ಕಂದಾಯ ಕಟ್ಟುವ ಪದ್ಧತಿಯಿಂದ ಬಂದ ಮಾತು ಇದು. ತೆರಿಗೆಯ ದೃಷ್ಟಿಯಿಂದ ರೈತನಿಗೆ ಅನುಕೂಲವೇ. ಆದರೆ ಪದ ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಕೆಟ್ಟದ್ದು ಎಂದು ಬರೆದಿಟ್ಟ ನೆಲವನ್ನು ಸರಿಪಡಿಸಬೇಕೆಂದೇ ಎಲ್ಲರಿಗೂ ಅನ್ನಿಸುತ್ತದೆ. ಬಂಡೆ ಒಡೆಸಿ, ಜೆಸಿಬಿ ತಂದು ಪೊದೆ ಎಬ್ಬಿಸಿ ಮಟ್ಟ ಮಾಡಿದವನು ಶ್ರಮಜೀವಿ ಎನಿಸಿಕೊಳ್ಳುತ್ತಾನೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಚಿಂತಕ ಜಾನ್ ಲಾಕ್ ಒಡೆತನಕ್ಕೆ ಕೊಟ್ಟ ಸಮರ್ಥನೆಯೂ ಇದೇ ದಾರಿಯದು. ಮನುಷ್ಯ ತನ್ನ ದುಡಿಮೆಯನ್ನು ನೆಲಕ್ಕೆ ಬೆರೆಸುವುದರಿಂದ ಅದು ಅವನದಾಗುತ್ತದೆ. ದುಡಿಮೆ ಬೀಳದ ನೆಲ ವ್ಯರ್ಥ. ಇತರರಿಗೂ ಸಾಕಷ್ಟು ಉಳಿಸಬೇಕೆಂದು ಅವನು ಸೇರಿಸಿದ ಷರತ್ತಿನಲ್ಲಿ ಇತರರೆಂದರೆ ಮನುಷ್ಯರು ಮಾತ್ರ. ಮುಂಗುಸಿ, ಉಡ, ಕಾಡುಪಾಪಗಳು ಬದುಕುವುದು ಆ ವ್ಯರ್ಥವೆಂಬ ನೆಲದಲ್ಲೇ.

ಕನ್ನಡದಲ್ಲಿ ಖರಾಬಿಗೆ ಎದುರಾಗಿ ನಿಲ್ಲಬಲ್ಲ ಹಳೆಯ ಮಾತೊಂದಿದೆ: ಬಿಡು. ದೇವರಿಗೆ ಬಿಟ್ಟ ಹೋರಿ, ಮಠಕ್ಕೆ ಬಿಟ್ಟ ಮಾನ್ಯ, ಊರ ದನಕ್ಕೆ ಬಿಟ್ಟ ಗೋಮಾಳ. ಇಲ್ಲಿ ಬಿಡುವುದೆಂದರೆ ಕೈಚೆಲ್ಲುವುದಲ್ಲ, ಸಂಕಲ್ಪ ಮಾಡಿ ತನ್ನ ಹಿಡಿತದಿಂದ ಹೊರಗಿಡುವುದು. ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲು. ಕನ್ನಡ ನಾಡಿನ ದಾನಶಾಸನಗಳ ರೂಢಿಯೆಂದರೆ, ಬಿಟ್ಟ ನೆಲದ ನಾಲ್ಕು ಎಲ್ಲೆಗಳನ್ನು ಮರ, ಕಲ್ಲು, ಹುತ್ತಗಳ ಗುರುತಿನಿಂದ ಹೇಳುವುದು ಮತ್ತು ಅದಕ್ಕೆ ಅಳುಪಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪವನ್ನು ವಿಧಿಸುವುದು. ಬಿಟ್ಟವನೂ ಅವನ ಮಕ್ಕಳೂ ಮನಸ್ಸು ಬದಲಿಸದಂತೆ ಕಲ್ಲಿನ ಕಾವಲು ಅದು. ದೇವರಕಾಡುಗಳ ಹಿಂದೆ ಇರುವುದೂ ಇದೇ ಕ್ರಿಯಾಪದ. ಕೊಡಗಿನಲ್ಲಿ ಅಂಥವು ಸಾವಿರಕ್ಕೂ ಹೆಚ್ಚಿವೆ. ತುಮಕೂರಿನ ಬಯಲಿನಲ್ಲಿ ಅದರ ಸಣ್ಣ ರೂಪ ಒಬ್ಬೊಬ್ಬರ ಹೊಲದಲ್ಲೇ ಕಾಣುತ್ತದೆ: ಮುನೇಶ್ವರನ ಹುಣಸೆ, ಚೌಡಮ್ಮನ ಬೇವು, ನಾಗರಕಲ್ಲಿನ ಸುತ್ತ ಕುಡುಗೋಲು ತಾಗದ ಒಂದು ಗುಂಟೆ ಪೊದೆ.

ಬಿಡುವುದರ ಅರ್ಥವನ್ನು ಇಡೀ ಸೀಮೆಗೆ ಕಥೆಯಾಗಿ ಕೊಟ್ಟವರು ಎಡೆಯೂರಿನ ಸಿದ್ಧಲಿಂಗ ಯತಿಗಳು. ಹದಿನೈದು–ಹದಿನಾರನೆಯ ಶತಮಾನದ ಈ ವೀರಶೈವ ಗುರುವಿನ 701 ವಚನಗಳ ಕೃತಿ ಷಟ್‌ಸ್ಥಲ ಜ್ಞಾನಸಾರಾಮೃತ. ಅವರ ಗದ್ದುಗೆ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿದೆ. ಅವರಿಗೆ ಗುರುವಾದವರು ಗೋಸಲ ಚನ್ನಬಸವೇಶ್ವರರು, ಅವರ ನೆನಪು ಗುಬ್ಬಿಯಲ್ಲಿದೆ. ಭಕ್ತರು ಸಿದ್ಧಲಿಂಗರನ್ನು ಕರೆಯುವುದು ‘ತೋಂಟದ’ ಎಂಬ ವಿಶೇಷಣದಿಂದ. ಎಡೆಯೂರಿಗೆ ಹತ್ತಿರದ ಕಗ್ಗೆರೆಯಲ್ಲಿ, ನಾಗಿನಿ ಹೊಳೆಯ ದಡದಲ್ಲಿ, ನಂಬಿಯಣ್ಣನೆಂಬ ಭಕ್ತನ ತೋಟದಲ್ಲಿ ಅವರು ತಪಸ್ಸಿಗೆ ಕುಳಿತರು. ಮೈಸುತ್ತ ಹುತ್ತ ಬೆಳೆಯಿತು. ಹಸುವೊಂದು ಬಂದು ಹುತ್ತದ ಮೇಲೆ ಹಾಲು ಸುರಿಸುತ್ತಿತ್ತು ಎನ್ನುತ್ತದೆ ಐತಿಹ್ಯ.

ಈ ಕಥೆಯನ್ನು ಗುರುವಿನ ಮಹಿಮೆಯಾಗಿ ಓದುವುದು ವಾಡಿಕೆ. ತೋಟದವನ ಕಡೆಯಿಂದಲೂ ಅದನ್ನು ಓದಬೇಕು. ತಪಸ್ಸು ನಡೆದದ್ದು ದಂಡಕಾರಣ್ಯದಲ್ಲಲ್ಲ, ಹಿಮಾಲಯದಲ್ಲೂ ಅಲ್ಲ. ಒಡೆಯನಿದ್ದ, ನೀರು ಹಾಯಿಸುವ, ಫಸಲು ಕೀಳುವ ತೋಟವೊಂದರಲ್ಲಿ. ಹುತ್ತ ಏಳಬೇಕಾದರೆ ಆ ಜಾಗಕ್ಕೆ ಗುದ್ದಲಿ ಬೀಳದೆ ವರ್ಷಗಳು ಕಳೆದಿರಬೇಕು. ತೋಟದಲ್ಲಿ ಒಂದು ಮೂಲೆ ಒಡೆಯನ ಕೈಯಿಂದ ಬಿಟ್ಟುಹೋಯಿತು, ಆ ಮೂಲೆಯಲ್ಲೇ ಪವಿತ್ರವಾದದ್ದು ಬೆಳೆಯಿತು. ಒಂದು ಪರಂಪರೆ ತನ್ನ ಮಹಾಗುರುವಿನ ಹೆಸರಿನ ಮುಂದೆ ತೋಟವನ್ನೇ ಇಟ್ಟುಕೊಂಡಿರುವಾಗ, ಆ ಪರಂಪರೆಯ ಭಕ್ತರ ತೋಟಗಳಲ್ಲಿ ಅಂಥ ಒಂದು ಮೂಲೆ ಇರಬೇಕೆಂದು ನಿರೀಕ್ಷಿಸುವುದು ಅತಿಯಲ್ಲ. ಹುತ್ತವೂ ಬರಿಯ ಸಂಕೇತವಲ್ಲ. ಬಿದ್ದ ಕೊಂಬೆ, ಒಣಗಿದ ಗರಿಗಳನ್ನು ಗೆದ್ದಲು ಮಣ್ಣಿಗೆ ಮರಳಿಸುತ್ತದೆ. ಅದು ಕೊರೆದ ಕಿಂಡಿಗಳಲ್ಲಿ ಮಳೆನೀರು ಒಳಗಿಳಿಯುತ್ತದೆ. ಪಾಳು ಹುತ್ತದಲ್ಲಿ ಹಾವು, ಉಡಗಳು ಸೇರುತ್ತವೆ. ಗುಡ್ಡದ ಕರಡಿಗೆ ಗೆದ್ದಲೇ ಆಹಾರ. ಹುತ್ತ ಒಡೆಯಬಾರದೆಂಬ ಹಳ್ಳಿಯ ನಿಷೇಧ ಇಷ್ಟೆಲ್ಲವನ್ನೂ ಕಾಯುತ್ತ ಬಂದಿದೆ.

ತುಮಕೂರು ನಗರಕ್ಕೆ ಹತ್ತಿರದ ಮಂದರಗಿರಿ, ಜನರ ಬಾಯಲ್ಲಿ ಬಸದಿ ಬೆಟ್ಟ, ಇನ್ನೊಂದು ಉತ್ತರಕ್ಕೆ ದಾರಿ ತೋರುತ್ತದೆ. ಜೈನ ಮುನಿಗಳ ನವಿಲುಗರಿಯ ಪಿಂಛಿಯ ಆಕಾರದಲ್ಲೇ ಅಲ್ಲೊಂದು ಗುರುಮಂದಿರವಿದೆ. ಕುಳಿತುಕೊಳ್ಳುವ ಮೊದಲು ನೆಲದ ಸಣ್ಣ ಜೀವಿಗಳನ್ನು ನೋವಾಗದಂತೆ ಸರಿಸಲು ಬಳಸುವ ಸಾಧನ ಪಿಂಛಿ: ತಾನು ಕೂರುವ ಜಾಗ ಆಗಲೇ ಬೇರೆಯವರ ಮನೆ ಎಂಬ ಒಪ್ಪಿಗೆ. ಜೈನ ದರ್ಶನ ಮರವನ್ನು ಸ್ಪರ್ಶವೆಂಬ ಒಂದೇ ಇಂದ್ರಿಯವುಳ್ಳ ಜೀವವೆಂದು ಎಣಿಸುತ್ತದೆ; ಗೃಹಸ್ಥನಿಗೆ ಪೂರ್ಣ ಅಹಿಂಸೆ ಸಾಧ್ಯವಿಲ್ಲವೆಂದೂ ಒಪ್ಪುತ್ತದೆ. ಅವನಿಗೆ ಹೇಳಿದ್ದು ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವ ವ್ರತ: ಇಷ್ಟು ನೆಲ, ಇಷ್ಟು ಧನಧಾನ್ಯ ಸಾಕು ಎಂದು ತಾನೇ ಗೆರೆ ಎಳೆಯುವುದು. ಕಾಡು ಕಡಿಯುವ, ಇದ್ದಿಲು ಸುಡುವ ಕಸುಬುಗಳನ್ನು ಶ್ರಾವಕನು ಬಿಡಬೇಕಾದವುಗಳಲ್ಲಿ ಎಣಿಸಿರುವುದೂ ಈ ಗೆರೆಯ ಭಾಗ. ಮರಗಾಡಿನ ಒಡೆಯನಿಗೆ ಇದು ತೀರ ಪ್ರಾಯೋಗಿಕವಾದ ಮಾತು. ಒಂದು ಮರವನ್ನೂ ಕಡಿಯಬೇಡ ಎನ್ನುವ ಆದರ್ಶ ಒಲೆ, ಬಾಗಿಲು, ಸೊಪ್ಪುಗೊಬ್ಬರಗಳ ಮುಂದೆ ಒಂದು ದಿನವೂ ನಿಲ್ಲುವುದಿಲ್ಲ. ಇಷ್ಟರವರೆಗೆ ನನ್ನದು, ಈ ಗೆರೆಯಾಚೆ ನನ್ನದಲ್ಲ ಎನ್ನುವ ವ್ರತ ನಿಲ್ಲುತ್ತದೆ.

ಈಶಾವಾಸ್ಯ ಉಪನಿಷತ್ತಿನ ಮೊದಲ ಮಂತ್ರ ಜಗತ್ತೆಲ್ಲ ಈಶನಿಂದ ತುಂಬಿದೆಯೆಂದು ಹೇಳಿ, ಭೋಗವನ್ನು ತ್ಯಾಗಕ್ಕೆ ಕಟ್ಟಿಹಾಕುತ್ತದೆ. ಜೇಡರ ದಾಸಿಮಯ್ಯ ನೆಲವನ್ನೂ ಅದರ ಫಸಲನ್ನೂ ಶಿವನ ಕೊಡುಗೆಯೆಂದೇ ಕಂಡ. ಈ ನೋಟದಲ್ಲಿ ಖಾತೆದಾರ ಒಡೆಯನಲ್ಲ, ಉಸ್ತುವಾರಿಯವನು. ಗಾಂಧೀಜಿ ಇದನ್ನೇ ಧರ್ಮದರ್ಶಿತ್ವವೆಂದು ಕರೆದು ಸಂಪತ್ತಿಗೆಲ್ಲ ಅನ್ವಯಿಸಿದರು. ವಾದದಲ್ಲಿ ಒಂದು ಕೊರತೆ ಮಾತ್ರ ಉಳಿಯುತ್ತದೆ. ಧರ್ಮದರ್ಶಿ ಲೆಕ್ಕ ತಪ್ಪಿದರೆ ಫಲಾನುಭವಿ ಬಂದು ಕೇಳಬೇಕು. ಫಲಾನುಭವಿ ಕಾಡುಪಾಪವಾದರೆ ಕೇಳುವವರು ಯಾರು?

ಕಾಡುಪಾಪದ ಹೆಸರು ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ತುಮಕೂರು–ಕುಣಿಗಲ್ ರಸ್ತೆಯ ನಾಗವಲ್ಲಿ ಈ ಪ್ರಾಣಿಯ ನೆಲೆಯಾಗಿ ಹೆಸರಾದ ಊರು. ಊರಿನ ಶಾಲಾ ಮೇಷ್ಟ್ರು, ಮಕ್ಕಳು, ತುಮಕೂರಿನ ವನ್ಯಜೀವಿ ಆಸಕ್ತರು ಸೇರಿ ಅದನ್ನು ಹೊರಜಗತ್ತಿಗೆ ಪರಿಚಯಿಸಿದರು. ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ ಕಾಡುಪಾಪಕ್ಕೆಂದೇ ದೇಶದ ಮೊದಲ ಅಭಯಾರಣ್ಯ ಘೋಷಿಸಿತು. ನಾಗವಲ್ಲಿಯ ಕಾಡುಪಾಪಗಳು ಇರುವುದು ಜನರ ತೋಟ, ಬೇಲಿ, ಬದುಗಳಲ್ಲಿ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಮೈ, ಬಾಲವಿಲ್ಲ, ದೊಡ್ಡ ದುಂಡು ಕಣ್ಣು. ರಾತ್ರಿ ಎದ್ದು ಹುಳುಹುಪ್ಪಟೆ ತಿನ್ನುತ್ತದೆ. ಕೋತಿಯಂತೆ ನೆಗೆಯಲಾರದು, ಒಂದು ಕೊಂಬೆಯನ್ನು ಹಿಡಿದೇ ಇನ್ನೊಂದನ್ನು ಬಿಡಬೇಕು. ಎರಡು ಮರಗಳ ನಡುವೆ ನಾಲ್ಕು ಮಾರು ಬಯಲಾದರೆ ಅದು ನೆಲಕ್ಕಿಳಿಯಬೇಕು. ಇಳಿದರೆ ನಾಯಿ, ವಾಹನ. ವಿದ್ಯುತ್ ತಂತಿ ಹಿಡಿದು ದಾಟಲು ಹೋದರೆ ಸಾವು. ಒಬ್ಬ ರೈತ ಬೇಲಿ ಕಿತ್ತು ಕಲ್ಲುಕಂಬ ನೆಟ್ಟು ತಂತಿ ಎಳೆಸಿದಾಗ, ಮೂರು ಹೊಲದಾಚೆಯ ಮರದಲ್ಲಿದ್ದ ಜೀವಕ್ಕೆ ದಾರಿ ಕಡಿದುಹೋಗುತ್ತದೆ. ಅವನಿಗೆ ಅದು ತಿಳಿಯುವುದೂ ಇಲ್ಲ.

ಇದೇ ಪ್ರಾಣಿ ಇನ್ನೊಂದು ಸತ್ಯವನ್ನೂ ಮುಂದಿಡುತ್ತದೆ. ಹುತ್ತವನ್ನೂ ಮುನೇಶ್ವರನ ಮರವನ್ನೂ ಉಳಿಸಿದ ಭಯಭಕ್ತಿಯೇ ಕಾಡುಪಾಪವನ್ನು ಅಪಶಕುನವೆಂದು ಹೊಡೆಸಿದೆ, ಮಾಟಮಂತ್ರಕ್ಕೆಂದು ಹಿಡಿಸಿದೆ. ದೇವರಕಾಡಿನ ವಿಷಯದಲ್ಲೂ ಹಾಗೆಯೇ. ಗುಡಿಗೆ ಹಣ ಹರಿದುಬಂದಾಗ ಗುಡಿಯ ಸುತ್ತಲಿನ ಮರಗಳು ಹೋಗಿ ಗ್ರಾನೈಟ್ ಹಾಸು, ಸಮುದಾಯ ಭವನ ಬರುವುದನ್ನು ಎಲ್ಲ ಸೀಮೆಯವರೂ ಕಂಡಿದ್ದಾರೆ. ದೇವರ ಮೇಲಿನ ಭಕ್ತಿ ಹೆಚ್ಚಾದದ್ದರಿಂದಲೇ ದೇವರ ಕಾಡು ಹೋಗುತ್ತದೆ. ಭಯ ಒಂದನ್ನು ಕಾಯುತ್ತದೆ, ಇನ್ನೊಂದನ್ನು ಕೊಲ್ಲುತ್ತದೆ. ಅದಕ್ಕೆ ಆಯ್ಕೆಯ ವಿವೇಕವಿಲ್ಲ. ಬಿಡುವ ಧರ್ಮಕ್ಕೆ ಅರಿವು ಸೇರಲೇಬೇಕು: ಯಾರಿಗಾಗಿ ಬಿಟ್ಟಿದೆ, ಅವರಿಗೆ ಏನು ಬೇಕು ಎಂಬ ಅರಿವು.

ಅರಿವು ಬಂದ ಕೂಡಲೇ ಬಿಡುವುದು ಕಾಯಕವಾಗಿ ಮಾರ್ಪಡುತ್ತದೆ. ಕೈಬಿಟ್ಟ ನೆಲವನ್ನು ಲಂಟಾನ ಮುತ್ತುತ್ತದೆ, ಅದರಡಿಯಲ್ಲಿ ದೇಶೀ ಮರದ ಸಸಿ ಏಳಲಾರದು. ಹಾಗೆಂದು ಒಂದೇ ಬಾರಿಗೆ ಬುಡಸಮೇತ ಎಬ್ಬಿಸಿದರೆ ಅದರಲ್ಲಿ ಗೂಡು ಕಟ್ಟಿದ ಹಕ್ಕಿಗೆ, ಅಡಗಿದ ಮೊಲಕ್ಕೆ ಮನೆಯಿಲ್ಲ. ಪಟ್ಟೆಪಟ್ಟೆಯಾಗಿ ಕಿತ್ತು, ತೆರವಾದಲ್ಲಿ ಹೊಂಗೆ, ಬಸರಿ, ಅತ್ತಿ, ಕಕ್ಕೆ, ಬಿಲ್ವಗಳನ್ನು ಏಳಿಸಿಕೊಂಡು ಮುಂದಿನ ಪಟ್ಟೆಗೆ ಹೋಗಬೇಕು. ಬೇಸಿಗೆಯಲ್ಲಿ ಹುಲ್ಲು ಚಿಗುರಲೆಂದು ಹಚ್ಚಿದ ಬೆಂಕಿ ಗುಡ್ಡದಿಂದ ಇಳಿದು ಬರುವ ಮೊದಲೇ ಅಂಚಿನ ತರಗು ಗುಡಿಸಿ ಬೆಂಕಿರೇಖೆ ಮಾಡಬೇಕು. ಒಳಗಿನ ತರಗನ್ನು ಮಾತ್ರ ಗುಡಿಸಬಾರದು, ಮಣ್ಣಿನ ತೇವ ಇರುವುದು ಅದರ ಕೆಳಗೆ. ಒಣಗಿ ನಿಂತ ಮರ ಕಂಡರೆ ಸೌದೆಯ ಲೆಕ್ಕ ಹಾಕುವುದು ಸಹಜ. ಅದರ ಪೊಟರೆಯಲ್ಲಿ ಗೂಬೆ, ಗಿಳಿ, ಮರಕುಟಿಗಗಳ ಬಾಣಂತನ ನಡೆಯುತ್ತದೆ. ನಾಲ್ಕು ಒಣಮರಗಳಲ್ಲಿ ಒಂದನ್ನಾದರೂ ತಾನಾಗಿ ಬೀಳುವವರೆಗೆ ನಿಲ್ಲಿಸುವುದು ಒಂದು ವ್ರತಕ್ಕೆ ಸಮ. ಹೊಂಗೆಯ ಸೊಪ್ಪನ್ನು ಸರದಿಯ ಮೇಲೆ ಸವರಿದರೆ ಗದ್ದೆಗೂ ಗೊಬ್ಬರ, ಮರಕ್ಕೂ ಉಸಿರು. ಇವೆಲ್ಲ ಈ ಸೀಮೆಯ ಬೇಸಾಯಗಾರರ ಕೈಗೆ ಒಗ್ಗಿದ ಕೆಲಸಗಳೇ. ಹೊಸದಾಗಿರುವುದು ಉದ್ದೇಶ ಮಾತ್ರ.

ಮಾಡದೆ ಉಳಿಯಬೇಕಾದದ್ದಕ್ಕೆ ನೀಲಗಿರಿ ಉದಾಹರಣೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಹೆಸರಿನಲ್ಲಿ ಬಯಲುಸೀಮೆಯ ಹೊಲಗಳಿಗೆ ನೀಲಗಿರಿ ನುಗ್ಗಿತು. ದೂರದಿಂದ ಹಸಿರು, ಒಳಗೆ ಹೋದರೆ ಹಕ್ಕಿಗೆ ಹಣ್ಣಿಲ್ಲ, ದನಕ್ಕೆ ಮೇವಿಲ್ಲ. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ನರ್ಸರಿಗೆ ಗುಂಪಾಗಿ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಅಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಶ್ರೀಗಂಧದ ಕಥೆ ಬೇರೆಯದು. ಟಿಪ್ಪು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದ. ಆಮೇಲಿನ ಸರ್ಕಾರಗಳೂ ಅದನ್ನೇ ಮುಂದುವರಿಸಿದವು. ತನ್ನ ಹೊಲದಲ್ಲಿ ಹುಟ್ಟಿದ ಗಂಧದ ಮರ ತನ್ನದಲ್ಲ, ಕಳುವಾದರೆ ಮಾತ್ರ ತಾನು ಉತ್ತರಿಸಬೇಕು ಎಂದಾದಾಗ ರೈತ ಸಸಿಯನ್ನೇ ಚಿವುಟಿ ಹಾಕಿದ. 2001ರ ತಿದ್ದುಪಡಿ ಮರವನ್ನು ನೆಲದವನಿಗೆ ಕೊಟ್ಟ ಮೇಲೆಯೇ ಗಂಧ ಬೆಳೆಯುವ ಉತ್ಸಾಹ ಮರಳಿತು. ಒಡೆತನವನ್ನು ಪೂರ್ತಿ ಅಳಿಸಿದರೆ ಬಿಡುವವನೇ ಇರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ. ತನ್ನದಾದದ್ದನ್ನು ಮಾತ್ರ ಮನುಷ್ಯ ಬಿಡಬಲ್ಲ.

ಬಿಡುವುದಕ್ಕೆ ಬೆಲೆ ತೆರಬೇಕಾಗುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಮನೆಗಳ ಹಿತ್ತಲಿನ ಹುಣಸೆಮರಗಳಲ್ಲಿ. ಹಕ್ಕಿ ಇರುವಷ್ಟು ದಿನ ಹುಣಸೆ ಬಡಿಯುವಂತಿಲ್ಲ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರು ಅವನ್ನು ಕಾಣುತ್ತದೆ. ಆದರೂ ನಷ್ಟ ನಷ್ಟವೇ. ಅದಕ್ಕೆ ಸರ್ಕಾರ ಪರಿಹಾರ ಕೊಡುತ್ತ ಬಂದದ್ದು ಸರಿಯಾದ ಕ್ರಮ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲೂ ಊರೊಳಗಿನ ಹುಣಸೆಮರಗಳೇ ಬಣ್ಣದ ಕೊಕ್ಕರೆಗಳ ತವರು.

ಇಲ್ಲಿಯವರೆಗಿನ ಬೆಲೆ ತೆತ್ತವನು ಬಿಟ್ಟವನೇ. ಚಿರತೆಯ ವಿಷಯದಲ್ಲಿ ಹಾಗಲ್ಲ, ಧರ್ಮಪ್ರಶ್ನೆ ಅತ್ಯಂತ ಕಠಿಣವಾಗುವುದೂ ಅಲ್ಲೇ. 2019ರ ಕೊನೆಯಿಂದ 2020ರ ಆರಂಭದವರೆಗೆ ಹೆಬ್ಬೂರು, ಗುಬ್ಬಿ, ಕುಣಿಗಲ್ ಭಾಗಗಳಲ್ಲಿ ಚಿರತೆ ದಾಳಿಗೆ ಪುಟ್ಟ ಮಕ್ಕಳೂ ಸೇರಿ ಹಲವರು ಬಲಿಯಾದರು. ಮಗುವನ್ನು ಕಳೆದುಕೊಂಡ ಮನೆಯ ಮುಂದೆ ಸಹಬಾಳ್ವೆಯ ಮಾತು ಆಡಲು ಯಾವ ದರ್ಶನಕ್ಕೂ ಅಧಿಕಾರವಿಲ್ಲ. ಒಬ್ಬನ ಪೊದೆಯಲ್ಲಿ ತಂಗಿದ ಚಿರತೆ ಇನ್ನೊಬ್ಬನ ಅಂಗಳಕ್ಕೆ ಹೋಗುತ್ತದೆ. ಪುಣ್ಯ ಒಬ್ಬನದು, ಅಪಾಯ ಇನ್ನೊಬ್ಬನದು ಆಗುವ ವ್ಯವಸ್ಥೆಯನ್ನು ಅಹಿಂಸೆ ಎನ್ನಲಾಗದು. ಆದ್ದರಿಂದ ಗೆರೆ ಎಳೆಯುವ ವ್ರತ ಎರಡೂ ಕಡೆಗೆ ಅನ್ವಯಿಸಬೇಕು. ಮನೆ, ಶಾಲೆ, ಕೊಟ್ಟಿಗೆ, ಓಡಾಡುವ ದಾರಿಗಳ ಬಳಿ ಪೊದೆ ಇಲ್ಲದಂತೆ ಬಯಲು ಮಾಡುವುದು, ಬಿಡುವ ಮೂಲೆಯನ್ನು ಜನವಸತಿಯಿಂದ ದೂರ ಆರಿಸಿಕೊಳ್ಳುವುದು, ಕುರಿಹಟ್ಟಿಗೆ ಗಟ್ಟಿ ಜಾಲರಿ, ಕೋಳಿ ಅಂಗಡಿಯ ತ್ಯಾಜ್ಯ ಬಯಲಲ್ಲಿ ಬೀಳದಂತೆ ಮತ್ತು ಬೀದಿನಾಯಿ ಹೆಚ್ಚದಂತೆ ನೋಡಿಕೊಳ್ಳುವುದು, ಇವು ಕಾಡಿನ ವಿರುದ್ಧದ ಕೆಲಸಗಳಲ್ಲ. ಇವಿಲ್ಲದೆ ಬಿಟ್ಟ ನೆಲ ನೆರೆಯವನ ಮೇಲೆ ಹೊರಿಸಿದ ಭಾರ.

ಒಡೆತನವಿಲ್ಲದೆಯೂ ಆರೈಕೆ ಸಾಧ್ಯ ಎಂಬುದಕ್ಕೆ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ನಿದರ್ಶನ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಅವರು ಗಂಡನೊಡನೆ ನೀರು ಹೊತ್ತು ಬೆಳೆಸಿದ 385 ಆಲದ ಮರಗಳು ಅವರ ಖಾತೆಯ ನೆಲದಲ್ಲಿರಲಿಲ್ಲ, ರಸ್ತೆಯ ಬದಿಯಲ್ಲಿದ್ದವು. ಮಕ್ಕಳಿಲ್ಲದ ಆ ದಂಪತಿ ಮರಗಳನ್ನೇ ಮಕ್ಕಳೆಂದರು. ಹಳೆಯ ಕನ್ನಡ ನಾಡು ಕೆರೆ, ದೇವಾಲಯ, ವನಗಳನ್ನು ಮಗನ ಜೊತೆಗೇ ಸಪ್ತಸಂತಾನದಲ್ಲಿ ಎಣಿಸುತ್ತಿತ್ತು. ಶಾಸನ ಓದದ ತಿಮ್ಮಕ್ಕ ಆ ಎಣಿಕೆಯನ್ನು ಬಾಳಿ ತೋರಿದರು. ಅವರು 2025ರ ನವೆಂಬರ್ 14ರಂದು ತೀರಿಕೊಂಡರು. ರಸ್ತೆ ಅಗಲಿಸುವ ಯೋಜನೆ 2019ರಲ್ಲಿ ಆ ಮರಗಳ ಬುಡಕ್ಕೆ ಬಂದಾಗ ಅವರೇ ಸರ್ಕಾರದ ಬಾಗಿಲು ತಟ್ಟಬೇಕಾಗಿತ್ತು. ಖಾತೆ ಇಲ್ಲದ ಆರೈಕೆಗೆ ಇರುವ ದೌರ್ಬಲ್ಯ ಇದು.

ಖಾತೆ ಇರುವ ಆರೈಕೆಗೆ ಇನ್ನೊಂದು ದೌರ್ಬಲ್ಯ: ಅದು ಒಂದು ತಲೆಮಾರಿನದು. ಪಾಲುಪಟ್ಟಿಯಲ್ಲಿ ತೆಂಗಿನ ಮರಗಳನ್ನು ಎಣಿಸಿ ಹಂಚುತ್ತಾರೆ. ಬೇಲಿ, ಹುತ್ತ, ಒಣಮರಗಳಿಗೆ ಅಲ್ಲಿ ಕಾಲಂ ಇಲ್ಲ. ಅಪ್ಪ ಬಿಟ್ಟ ಮೂಲೆ ಮಗನ ಪಾಲಿಗೆ ಬಂದ ದಿನ ಮತ್ತೆ ಖರಾಬು. ತುಮಕೂರು ನಗರದ ಸುತ್ತ ನೆಲ ಬಡಾವಣೆಗೆ ಪರಿವರ್ತನೆಯಾಗುವ ವೇಗದಲ್ಲಿ ಆ ದಿನಕ್ಕೆ ಕಾಯುವುದೂ ಬೇಕಿಲ್ಲ. ಶಾಸನದ ಕಲ್ಲು, ಶಾಪಗಳ ಜಾಗಕ್ಕೆ ಇಂದು ಬರಬಹುದಾದವು ಉಯಿಲು, ಟ್ರಸ್ಟ್ ಪತ್ರ ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಸೇರಿದ ಸಮುದಾಯ ಮೀಸಲಿನ ಅವಕಾಶ. ಒಡೆಯರು ತಾವಾಗಿ ಮುಂದೆ ಬಂದರೆ ಖಾಸಗಿ ನೆಲವನ್ನೂ ಅದರಡಿ ಘೋಷಿಸಬಹುದು. ಖಾತೆ ಅವರ ಹೆಸರಿನಲ್ಲೇ ಉಳಿಯುತ್ತದೆ, ನೆಲದ ಬಳಕೆ ಮಾತ್ರ ಮನಬಂದಂತೆ ಬದಲಾಗುವುದಿಲ್ಲ. ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗೆ ಸಮುದಾಯ ಮೀಸಲಾಯಿತು. ನಾಗವಲ್ಲಿಯಂಥ ಕಡೆ ಒಬ್ಬನ ಎರಡು ಎಕರೆಯಿಂದ ಅದು ಆಗುವುದಿಲ್ಲ. ಬೇಲಿ ಹಂಚಿಕೊಂಡ ಹತ್ತು ಮನೆಯವರು ಒಟ್ಟಿಗೆ ಕೂತು, ಯಾವ ಬೇಲಿ ಯಾವ ಮರದಿಂದ ಯಾವ ಮರದವರೆಗೆ ಬಿಡಬೇಕೆಂದು ಗುರುತು ಹಾಕಿಕೊಳ್ಳಬೇಕು.